ಸಂತೆಯಲ್ಲಿ ಹೋದ ಗಂಟು

ಸಂತೆಯಲ್ಲಿ ಹಣದ ಚೀಲವನ್ನು ಕಳೆದುಕೊಂಡವನ ಸ್ಥಿತಿಯನ್ನು ವರ್ಣಿಸುವ ಅಗತ್ಯವಿಲ್ಲ. ಅವನ ಕೈ ಮೊದಲು ಸೊಂಟಕ್ಕೆ ಹೋಗುತ್ತದೆ, ಆಮೇಲೆ ಎದೆಗೆ, ಮತ್ತೆ ಸೊಂಟಕ್ಕೆ. ಚಿಂತಾಮಣಿಯ ಅಂಗಡಿ ಬೀದಿಯಾಗಲಿ, ಶಿಡ್ಲಘಟ್ಟದ ಬಸ್ ನಿಲ್ದಾಣವಾಗಲಿ, ಶಿವರಾತ್ರಿಯಂದು ನಂದಿಯ ಭೋಗನಂದೀಶ್ವರನ ತೇರಿನ ಬೀದಿಯಾಗಲಿ, ಮುರುಗಮಲ್ಲದ ಉರುಸಾಗಲಿ, ಜನ ಒತ್ತಾಗಿ ನಿಂತಲ್ಲೆಲ್ಲ ಈ ಕೈಯ ಪ್ರವಾಸವನ್ನು ಕಾಣಬಹುದು. ಗಂಟು ಹೋಯಿತೆಂದು ಖಚಿತವಾದ ಮೇಲೆ ಆ ಮನುಷ್ಯ ಯಾರ ಬಳಿಗೆ ಹೋಗಬೇಕು, ಯಾರು ಅವನ ಮಾತನ್ನು ಕೇಳಬೇಕು, ನಷ್ಟವನ್ನು ಯಾರು ಹೊರಬೇಕು? ನಾನು ಹೇಳಹೊರಟಿರುವುದು ಈ ಪ್ರಶ್ನೆಯ ಚರಿತ್ರೆಯನ್ನು. ಕಳ್ಳನ ಚರಿತ್ರೆಯನ್ನು ಹೇಳುವವರು ಬೇಕಾದಷ್ಟು ಜನರಿದ್ದಾರೆ. ಕಳೆದುಕೊಂಡವನ ಚರಿತ್ರೆಯನ್ನು ಕೇಳುವವರು ಕಡಿಮೆ.

ಮೊದಲು ಮಾತಿನಿಂದಲೇ ತೊಡಗೋಣ. ಇಂಥ ಕಳ್ಳನಿಗೆ ಕನ್ನಡದಲ್ಲಿ ಎರಡು ಮೂರು ಹೆಸರುಗಳುಂಟು: ಗಂಟುಕಳ್ಳ, ಕಿಸೆಗಳ್ಳ, ಜೇಬುಗಳ್ಳ. ಗಡಿಭಾಗದ ನಮ್ಮ ಈ ಸೀಮೆಯಲ್ಲಿ ಮನೆಮಾತು ತೆಲುಗಾದವರು ಬರಿದೇ ‘ದೊಂಗ’ ಎಂದು ಕೂಗಿ ಮುಗಿಸುತ್ತಾರೆ. ಕಿಸೆ ಎಂಬುದು ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದ ಮಾತು. ಜೇಬು ಅರಬ್ಬಿಯದು, ಅಲ್ಲಿ ಅದಕ್ಕೆ ಮೊದಲು ಇದ್ದ ಅರ್ಥ ಅಂಗಿಯ ಕೊರಳಿನ ಬಳಿಯ ತೆರಪು. ಹೊಲಿದ ಅಂಗಿ ಬಂದ ಮೇಲೆ ಕಿಸೆಯೂ ಜೇಬೂ ಬಂದವು. ಅದಕ್ಕೆ ಮುಂಚೆ ನಮ್ಮವರಿಗಿದ್ದದ್ದು ಪಂಚೆಯ ತುದಿ, ಸೀರೆಯ ಸೆರಗು, ಉಡಿ, ಎಲೆಯಡಿಕೆಯ ಸಂಚಿ, ಸೊಂಟಕ್ಕೆ ಸುತ್ತುವ ಹಮ್ಮಿಣಿ. ಹಣವನ್ನು ಬಟ್ಟೆಯಲ್ಲಿಟ್ಟು ಗಂಟು ಹಾಕುತ್ತಿದ್ದರು. ಆದ್ದರಿಂದಲೇ ಗಂಟು ಎಂದರೆ ಹಣ ಎಂಬ ಅರ್ಥವೇ ನಿಂತುಹೋಯಿತು. ‘ಇಡುಗಂಟು’ ಎನ್ನುತ್ತೇವೆ, ‘ನಿನ್ನಪ್ಪನ ಗಂಟೇನು ಹೋಗುತ್ತದೆ’ ಎಂದು ಜಗಳವಾಡುತ್ತೇವೆ. ಕಂಠೀರವ ನರಸರಾಜ ಒಡೆಯರು (1638–1659) ಅಚ್ಚು ಹಾಕಿಸಿದ ಕಂಠೀರಾಯಿ ಹಣವನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿದವರಿಗೆ ಈ ಗಂಟಿನ ಅಗತ್ಯ ತಾನಾಗಿ ಹೊಳೆಯುತ್ತದೆ. ಅರ್ಧ ಗ್ರಾಮೂ ತೂಗದ ಚಿನ್ನದ ಚೂರು ಅದು. ಗಂಟು ಕಟ್ಟದಿದ್ದರೆ ಕಳ್ಳ ಬೇಕಾಗಿಲ್ಲ, ಗಾಳಿಯೇ ಸಾಕು. 1861ರ ಶಾಸನದಿಂದ ಸರ್ಕಾರದ ಕಾಗದದ ನೋಟುಗಳು ಬಂದುವಷ್ಟೆ. ಮಡಿಸಿ ಇಡಬೇಕಾದ ಹಣ ಬಂದುದರಿಂದ ಮಡಿಸುವ ಚರ್ಮದ ಪರ್ಸೂ ಬಂದಿತೆಂದು ನನ್ನ ಊಹೆ.

ಗಂಟುಕಳ್ಳನಿಗೆ ಸಂಸ್ಕೃತದ ಹೆಸರು ಗ್ರಂಥಿಭೇದ, ಗಂಟನ್ನು ಒಡೆಯುವವನು ಎಂದು. ಗ್ರಂಥಿ, ಪ್ರಾಕೃತದ ಗಂಠಿ, ನಮ್ಮ ಗಂಟು, ಇವುಗಳ ನೆಂಟಸ್ತಿಕೆ ಕಿವಿಗೇ ಗೊತ್ತಾಗುವಂಥದು. ಯಾಜ್ಞವಲ್ಕ್ಯ ಸ್ಮೃತಿ ಇವನನ್ನೂ ಇವನ ಜೊತೆಗಾರ ಉತ್ಕ್ಷೇಪಕನನ್ನೂ, ಎಂದರೆ ಎತ್ತಿಕೊಂಡು ಹೋಗುವವನನ್ನೂ, ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ನಮ್ಮವನೇ. ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣ ನಗರದಲ್ಲಿ ಕುಳಿತು ಬರೆದವನು. ಬಟ್ಟೆಯ ತುದಿಯಲ್ಲಿ ಕಟ್ಟಿದ ಚಿನ್ನ ಮೊದಲಾದುದನ್ನು ಬಿಚ್ಚಿಯೋ ಕತ್ತರಿಸಿಯೋ ಒಯ್ಯುವವನು ಗ್ರಂಥಿಭೇದನೆಂದು ಅವನು ವಿವರಿಸುತ್ತಾನೆ. ಬಿಚ್ಚುವುದೂ ಕತ್ತರಿಸುವುದೂ ಎರಡು ಬೇರೆ ಬೇರೆ ಕೈಚಳಕಗಳೆಂಬುದನ್ನು ಗಮನಿಸಿದವನು ಬರಿಯ ಗ್ರಂಥಪಂಡಿತನಾಗಿರಲಾರ. ಕಲ್ಯಾಣದ ಸಂತೆಯಲ್ಲಿ ಅವನೂ ಒಮ್ಮೆಯಾದರೂ ಓಡಾಡಿರಬೇಕೆಂದು ನನಗನ್ನಿಸುತ್ತದೆ.

ಶಿಕ್ಷೆ ಮಾತ್ರ ಕ್ರೂರವಾದುದು. ಮೊದಲ ತಪ್ಪಿಗೆ ಕೈಯ ‘ಸಂದಂಶ’ವನ್ನು, ಎಂದರೆ ಇಕ್ಕಳದಂತೆ ಕೂಡಿ ಹಿಡಿಯುವ ಹೆಬ್ಬೆರಳು ತೋರುಬೆರಳುಗಳನ್ನು, ಕತ್ತರಿಸಬೇಕು; ಎರಡನೆಯದಕ್ಕೆ ಒಂದು ಕೈ, ಒಂದು ಕಾಲು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಸಂದಂಶಚ್ಛೇದನವುಂಟು. ಆದರೆ ಅವನು ಪಕ್ಕದಲ್ಲಿಯೇ ಇನ್ನೊಂದು ದಾರಿಯನ್ನು ತೆರೆದಿಟ್ಟಿದ್ದಾನೆ: ಇಲ್ಲವಾದರೆ 54 ಪಣ ದಂಡ. ಬೆರಳಿಗೆ ಬೆಲೆ ಕಟ್ಟಿದವನು ಕೌಟಿಲ್ಯ. ಈ ಗ್ರಂಥದ ಓಲೆಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳೆಂಬುದನ್ನು ಇಲ್ಲಿ ನೆನೆಯಬೇಕು.

ಇನ್ನು ಕಳೆದುಕೊಂಡವನ ಮಾತು. ಸ್ಮೃತಿಕಾರರ ಉತ್ತರ ಬಹು ಸ್ಪಷ್ಟವಾಗಿದೆ. ಕಳ್ಳರು ಒಯ್ದುದನ್ನು ಅರಸನು ಪ್ರಜೆಗೆ ಕೊಡಿಸಬೇಕು. ಕೊಡಿಸಲಾಗದಿದ್ದರೆ ತನ್ನ ಬೊಕ್ಕಸದಿಂದ ಕೊಡಬೇಕು. ಆರನೆಯ ಒಂದು ಭಾಗವನ್ನು ತೆರಿಗೆಯಾಗಿ ಪಡೆಯುವುದೇ ಕಾಪಾಡುವುದಕ್ಕೆಂದ ಮೇಲೆ ಕಾಪಾಡಲಾರದವನು ನಷ್ಟ ಕಟ್ಟಿಕೊಡುವುದು ನ್ಯಾಯವೇ. ಯಾಜ್ಞವಲ್ಕ್ಯ ಇನ್ನೂ ಮುಂದೆ ಹೋಗುತ್ತಾನೆ. ಕಳವು ಊರೊಳಗೆ ನಡೆದು ಕಳ್ಳನ ಹೆಜ್ಜೆ ಊರು ಬಿಟ್ಟು ಹೋಗದಿದ್ದರೆ ಹೊಣೆ ಊರೊಡೆಯನದು. ಹೆಜ್ಜೆ ಇನ್ನೊಂದು ಊರಿಗೆ ಹೋಗಿದ್ದರೆ ಆ ಊರು ಕೊಡಬೇಕು. ಎಲ್ಲೆಯಿಂದ ಕ್ರೋಶದಾಚೆ, ಯಾವ ಊರಿಗೂ ಸೇರದ ಬಯಲಿನಲ್ಲಿ ನಡೆದಿದ್ದರೆ ಸುತ್ತಲಿನ ಐದು ಊರೋ ಹತ್ತು ಊರೋ ಕೂಡಿ ಕೊಡಬೇಕು. ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವೆ ಓಡುವ ಬಸ್ಸಿನಲ್ಲಿ ಪರ್ಸು ಹೋದಾಗ ‘ಇದು ನಮ್ಮ ಸರಹದ್ದಲ್ಲ’ ಎಂಬ ಉತ್ತರವನ್ನು ಕೇಳಿದವರಿಗೆ ಈ ಶ್ಲೋಕಗಳ ಬೆಲೆ ತಿಳಿಯುತ್ತದೆ.

ಸ್ಮೃತಿಯ ವಿಧಿ ಬೇರೆ, ಊರಿನ ರೂಢಿ ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು, ಸರಿಯಾದ ಆಕ್ಷೇಪವೇ. ಆದರೆ ರೂಢಿಯಲ್ಲಿಯೂ ಇದರ ನೆರಳಿತ್ತು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ರಾಜಧಾನಿಯ ಕಾವಲಿನ ಮುಖ್ಯಾಧಿಕಾರಿ ಅಲ್ಲಿ ನಡೆದ ಕಳವುಗಳಿಗೆ ಲೆಕ್ಕ ಒಪ್ಪಿಸಬೇಕಾಗಿತ್ತೆಂದು ಬರೆದಿದ್ದಾನೆ. ಅಲ್ಪಸ್ವಲ್ಪ ಕಾಣಿಕೆ ಕೊಟ್ಟು ಕಳ್ಳನ ಚಹರೆಯನ್ನು ಹೇಳಿದರೆ ಮಾಟಗಾರರ ಮೂಲಕ ಅವನು ನಗರದಲ್ಲಿದ್ದಾನೆಯೇ ಇಲ್ಲವೇ ಎಂದು ಬೇಗನೆ ಪತ್ತೆಮಾಡುತ್ತಿದ್ದರೆಂದೂ ಹೇಳುತ್ತಾನೆ. ಕಾಣಿಕೆಯ ವಿಷಯವನ್ನು ನಾನು ಒತ್ತಿ ಹೇಳುವುದಿಲ್ಲ. ಮಾಟಗಾರರ ವಿಷಯವೂ ಅಷ್ಟೇನೂ ವಿಚಿತ್ರವಲ್ಲ. ಅಂಜನ ಹಾಕಿಸಿ ಕಳ್ಳನ ಮುಖ ನೋಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಉಳಿದಿತ್ತು. ಧರ್ಮಶಾಸ್ತ್ರದಲ್ಲಿಯೇ ಕಳವಿನ ಸಂದೇಹಕ್ಕೆಂದು ಮೀಸಲಾದ ದಿವ್ಯವೊಂದಿದೆ: ಸಂದೇಹಕ್ಕೆ ಗುರಿಯಾದವನಿಗೆ ಅಕ್ಕಿ ಅಗಿಯಲು ಕೊಟ್ಟು ಉಗುಳಿಸುವುದು. ಹೆದರಿದವನ ಬಾಯಿ ಒಣಗುತ್ತದೆಂಬ ಅನುಭವ ಇದರ ಹಿಂದಿರಬೇಕು. ಆದರೆ ಹೆದರುವವನು ಕಳ್ಳನೊಬ್ಬನೇ ಅಲ್ಲವಲ್ಲ.

ಹಳ್ಳಿಯಲ್ಲಿ ಈ ಹೊಣೆಯನ್ನು ಹೊತ್ತಿದ್ದವನು ತಳವಾರ. ಆಯಗಾರರಲ್ಲಿ ಅವನೂ ಒಬ್ಬ. ಕಣದಲ್ಲಿ ಅವನಿಗೆ ಧಾನ್ಯದ ಪಾಲುಂಟು. ಹೆಜ್ಜೆ ನೋಡುವುದು, ಹೊಸಬರು ಬಂದರೆ ವಿಚಾರಿಸುವುದು, ಕಳವಾದ ಮಾಲಿನ ಸುಳಿವು ಹಿಡಿಯುವುದು ಅವನ ಕೆಲಸ. ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯಲ್ಲಿ ಇವನ ಪೂರ್ವಜನನ್ನು ನಾವು ತಳಾರ ಎಂಬ ಹೆಸರಿನಲ್ಲಿ ಕಾಣುತ್ತೇವೆ. ಅರಸನ ಹಾರ ಕಳವಾಗುತ್ತದೆ. ತಳಾರ ಯಮದಂಡನಿಗೆ ಏಳು ದಿನದ ಗಡುವು. ಅವನು ಹಿಡಿದು ತಂದು ಚಿತ್ರಹಿಂಸೆ ಕೊಡುವುದು ತೊನ್ನು ಹಿಡಿದ ಭಿಕ್ಷುಕನೊಬ್ಬನಿಗೆ. ಕಥೆಯಲ್ಲಿ ಆ ಭಿಕ್ಷುಕ ನಿಜವಾಗಿಯೂ ಮಾರುವೇಷದ ಕಳ್ಳನೇ, ಅರಸುಮಗನೇ. ಕಥೆ ಸುಖವಾಗಿ ಸಾಗುತ್ತದೆ. ಆದರೆ ಗಡುವು ಮುಗಿಯುತ್ತ ಬಂದಾಗ ಅಧಿಕಾರಿಯ ಕಣ್ಣು ಎಂಥವನ ಮೇಲೆ ಬೀಳುತ್ತದೆ ಎಂಬುದನ್ನು ಹತ್ತನೆಯ ಶತಮಾನದ ನಮ್ಮ ಗದ್ಯಕಾರ ಬಲ್ಲವನಾಗಿದ್ದ.

ಇಲ್ಲಿ ನಮ್ಮ ಸೀಮೆಯ ಒಂದು ಸಂಗತಿಯನ್ನು ಹೇಳಬೇಕು. ಲೂಯಿ ರೈಸರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಅಂದಿನ ಕೋಲಾರ ಜಿಲ್ಲೆಯದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಬೇರೆಯಾದ ಈ ಆರು ತಾಲ್ಲೂಕುಗಳ ಶಾಸನಗಳೂ ಅದರಲ್ಲಿವೆ. ಆ ಸಂಪುಟವನ್ನು ತಿರುವಿದರೆ ತುರುಗಳನ್ನು ಕದ್ದೊಯ್ದವರ ಬೆನ್ನಟ್ಟಿ ಸತ್ತವರ ವೀರಗಲ್ಲುಗಳು ಒಂದರ ಮೇಲೊಂದು ಸಿಕ್ಕುತ್ತವೆ. ಸತ್ತವನ ಮನೆಯವರಿಗೆ ಬಾಳ್ಗಳ್ಚು ಎಂದು ಭೂಮಿ ಕೊಟ್ಟದ್ದೂ ದಾಖಲಾಗಿದೆ. ದನ ಹೋದರೆ ಅದು ಊರಿನ ನಷ್ಟ. ಊರೇ ಏಳುತ್ತಿತ್ತು, ಸತ್ತವನಿಗೆ ಕಲ್ಲು ನಿಲ್ಲುತ್ತಿತ್ತು. ಒಬ್ಬ ಹೆಂಗಸಿನ ಸೆರಗಿನ ಗಂಟು ಹೋದರೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಅದು ಅವಳೊಬ್ಬಳ ನಷ್ಟ.

1860ರ ಭಾರತ ದಂಡಸಂಹಿತೆ, ಕಮಿಷನರುಗಳ ಆಳ್ವಿಕೆಯ ಕಾಲದಲ್ಲಿ ಮೈಸೂರು ಸೀಮೆಗೂ ಬಂದ ಕಾನೂನು, ಬೆರಳನ್ನು ಉಳಿಸಿತು. ಕಳವಿಗೆ ಮೂರು ವರ್ಷಗಳವರೆಗೆ ಸೆರೆ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ. ಇದು ದೊಡ್ಡ ಸುಧಾರಣೆ, ಅಲ್ಲವೆನ್ನುವವರು ಯಾರು? ಆದರೆ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆದುಹೋಯಿತು. ಕಳ್ಳ ಈಗ ಸರ್ಕಾರದ ಅಪರಾಧಿ, ಜುಲ್ಮಾನೆ ಖಜಾನೆಗೆ. ಕಳೆದುಕೊಂಡವನು ಫಿರ್ಯಾದಿ, ಸಾಕ್ಷಿ. ಮಾಲು ಸಿಕ್ಕಿದರೆ ಅವನಿಗೆ. ಸಿಕ್ಕದಿದ್ದರೆ ಅರಸನೂ ಇಲ್ಲ, ಐದು ಊರೂ ಇಲ್ಲ.

ಇದಕ್ಕಿಂತಲೂ ಕೆಟ್ಟದ್ದು ಮುಂದೆ ಬಂದಿತು. 1871ರಲ್ಲಿ ಉತ್ತರ ಭಾರತಕ್ಕೆಂದು ಮಾಡಿದ ಅಪರಾಧಿ ಬುಡಕಟ್ಟುಗಳ ಶಾಸನ 1911ರಲ್ಲಿ ಹಿಗ್ಗಿ ದಕ್ಷಿಣಕ್ಕೂ ಚಾಚಿತು. ಯಾವನೋ ಒಬ್ಬ ಕದ್ದದ್ದಕ್ಕೆ ಒಂದು ಕುಲವೇ ಕಳ್ಳರ ಕುಲವೆಂದು ಪಟ್ಟಿಗೆ ಸೇರಿತು. ಉತ್ತರ ಕರ್ನಾಟಕದಲ್ಲಿ ಒಂದು ಸಮುದಾಯದ ಹೆಸರೇ ಗಂಟಿಚೋರ. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥವರನ್ನು ತಂತಿಬೇಲಿಯ ವಸಾಹತುಗಳಲ್ಲಿಟ್ಟರು. ಹೊತ್ತು ಹೊತ್ತಿಗೆ ಹಾಜರಿ, ಹೊರಗೆ ಹೋಗಲು ಚೀಟಿ. ಆ ಬಡಾವಣೆಗಳಿಗೆ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ. ಮರಾಠಿಯಲ್ಲಿ ಇಂಥದೇ ಇನ್ನೊಂದು ಸಮುದಾಯದ ಹೆಸರು ಉಚಲ್ಯಾ, ಎತ್ತಿಕೊಂಡು ಹೋಗುವವನು ಎಂದರ್ಥ. ಆ ಸಮುದಾಯದಲ್ಲಿ ಹುಟ್ಟಿದ ಲಕ್ಷ್ಮಣ ಗಾಯಕವಾಡರು ಅದೇ ಹೆಸರಿನಲ್ಲಿ ಬರೆದ ಆತ್ಮಕಥೆಗೆ 1988ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಗ್ರಂಥಿಭೇದ, ಉತ್ಕ್ಷೇಪಕ: ಯಾಜ್ಞವಲ್ಕ್ಯ ಒಂದೇ ಶ್ಲೋಕದಲ್ಲಿ ಹೇಳಿದ ಎರಡು ಮಾತುಗಳ ಅರ್ಥ ಎರಡು ಜನಸಮುದಾಯಗಳ ಹಣೆಯ ಮೇಲೆ ಕುಳಿತದ್ದನ್ನು ಕಂಡಾಗ ಭಾಷೆಯ ವಿದ್ಯಾರ್ಥಿಯಾದ ನನಗೆ ಮೈ ಜುಮ್ಮೆನ್ನುತ್ತದೆ. ಸ್ಮೃತಿಕಾರನಿಗೆ ಅವು ಕೃತ್ಯದ ಹೆಸರುಗಳಾಗಿದ್ದವು, ಕುಲದ ಹೆಸರುಗಳಲ್ಲ. ಆ ಶಾಸನ 1952ರಲ್ಲಿ ರದ್ದಾಯಿತು; ಆದರೆ ರೂಢಿಗತ ಅಪರಾಧಿಗಳ ಕಾಯಿದೆಗಳು ಅದರ ಜಾಗಕ್ಕೆ ಬಂದವು, ಕರ್ನಾಟಕದ್ದು 1961ರಲ್ಲಿ. ಸಂತೆಯಲ್ಲಿ ಗಂಟು ಹೋಯಿತೆಂಬ ಕೂಗು ಎದ್ದೊಡನೆ ಡೇರೆ ಹಾಕಿಕೊಂಡ ಅಲೆಮಾರಿಗಳ ಕಡೆಗೆ ಜನ ಓಡುವುದು ಯಾವ ಕಾಯಿದೆ ರದ್ದಾದರೂ ತಟ್ಟನೆ ನಿಲ್ಲುವಂಥದಲ್ಲ.

2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ನನ್ನ ಗಮನ ಸೆಳೆದದ್ದು ಒಂದು ಸಣ್ಣ ವಾಕ್ಯ. ಕದ್ದದ್ದು 5000 ರೂಪಾಯಿಗಿಂತ ಕಡಿಮೆಯದಾಗಿ, ಅದು ಮೊದಲ ತಪ್ಪಾಗಿ, ಮಾಲನ್ನೋ ಅದರ ಬೆಲೆಯನ್ನೋ ಹಿಂದಕ್ಕೆ ಕೊಟ್ಟರೆ, ಶಿಕ್ಷೆ ಸಮುದಾಯ ಸೇವೆ. ಕಳೆದುಕೊಂಡವನಿಗೆ ಅವನ ಗಂಟು ಮರಳುವುದೂ ಶಿಕ್ಷೆಯ ಲೆಕ್ಕದಲ್ಲಿ ಸೇರಬೇಕೆಂಬ ಹಳೆಯ ವಿಚಾರ ಹೀಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದೆ. ಇದೇ ಸಂಹಿತೆ ಗುಂಪು ಕಟ್ಟಿ ಜೇಬು ಕತ್ತರಿಸುವವರಿಗೆ ಒಂದರಿಂದ ಏಳು ವರ್ಷಗಳ ಸೆರೆಯನ್ನೂ ಇಟ್ಟಿದೆ. ಕೂಡವೇ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಕಳವು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿ ಹೇಳಿದರೂ ಬರೆದುಕೊಳ್ಳಬೇಕು. ಸರಹದ್ದಿನ ಮಾತು ಆಮೇಲೆ. ಐದು ಊರು, ಹತ್ತು ಊರು ಎಂದವನು ಕೇಳಿದ್ದರೆ ತಲೆದೂಗುತ್ತಿದ್ದ.

ಪರ್ಸಿನೊಳಗಿನ ಪದಾರ್ಥವೂ ಈಗ ಬದಲಾಗಿದೆ. ನೋಟಿಗಿಂತ ಬ್ಯಾಂಕಿನ ಕಾರ್ಡಿನ ಚಿಂತೆ ಹೆಚ್ಚು. ಕಳೆದುಕೊಂಡವನು ಠಾಣೆಗಿಂತ ಮೊದಲು ಬ್ಯಾಂಕಿಗೆ ಫೋನ್ ಮಾಡಬೇಕು. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಆದೇಶದಲ್ಲಿ, ಗ್ರಾಹಕ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೆಂದು ವಿಧಿಸಿತು. ಕಾಯುವ ಹೊಣೆ ಹೊತ್ತವನೇ ತೆರಬೇಕೆಂಬ ಯಾಜ್ಞವಲ್ಕ್ಯನ ಅರಸ ಹೀಗೆ ಬ್ಯಾಂಕಿನ ರೂಪದಲ್ಲಿ ಮರಳಿ ಬಂದಿದ್ದಾನೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದರೆ ಈ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ. ದೂರದೂರದ ಊರುಗಳಿಂದ ರೈತರು ಗೂಡು ತಂದು ಸುರಿಯುತ್ತಾರೆ. ರೀಲರುಗಳು ಹರಾಜಿನಲ್ಲಿ ಕೊಳ್ಳುತ್ತಾರೆ. ತಿಂಗಳ ದುಡಿಮೆಯೆಲ್ಲ ಒಂದು ಬೆಳಗಿನಲ್ಲಿ ನೋಟಿನ ಕಂತೆಯಾಗಿ, ರೈತ ಅದನ್ನು ಒಳಚಡ್ಡಿಯ ಜೇಬಿನಲ್ಲಿಟ್ಟು, ಮೇಲೆ ಕೈಯಿಟ್ಟುಕೊಂಡು ಬಸ್ಸು ಹತ್ತುತ್ತಿದ್ದ ಕಾಲವೊಂದಿತ್ತು. ಕೈ ಎಲ್ಲಿದೆ ಎಂಬುದೇ ಕಳ್ಳನಿಗೆ ಸುಳಿವು. ಈಚೆಗೆ ಗೂಡಿನ ಹಣ ರೈತನ ಬ್ಯಾಂಕಿನ ಖಾತೆಗೆ ಹೋಗುವ ಏರ್ಪಾಡು ಬಂದಿದೆ. ಅವನು ಕೈ ಬೀಸಿಕೊಂಡು ಊರಿಗೆ ಹೋಗಬಹುದು. ಆದರೆ ಅದೇ ಊರಿನ ಬೀದಿಯಲ್ಲಿ ಗೋಣಿಯ ಮೇಲೆ ಸೊಪ್ಪು ಹರಡಿಕೊಂಡು ಕುಳಿತ ಅಜ್ಜಿಗೆ ಬರುವುದು ಇನ್ನೂ ಹತ್ತು ಇಪ್ಪತ್ತರ ನೋಟುಗಳೇ. ಅವುಗಳನ್ನು ಅವಳು ಎಲೆಯಡಿಕೆಯ ಸಂಚಿಯಲ್ಲಿ ತುರುಕಿ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಸುತ್ತಿಕೊಂಡಿದ್ದಾಳೆ. ಅಲ್ಲಿಂದ ಅದು ಹೋದರೆ ಫೋನ್ ಮಾಡಿ ತಡೆಯುವುದಕ್ಕೆ ಆಗುವುದಿಲ್ಲ.