ಗೊತ್ತಿರೋ ಫೈಲುಗಳ ಲೈಬ್ರರಿ

ಪೊಲೀಸರು ಒಂದು ಕಂಪ್ಯೂಟರ್ ಜಪ್ತಿ ಮಾಡಿದರು ಅಂದ್ಕೊಳ್ಳಿ. ಹಾರ್ಡ್ ಡಿಸ್ಕ್ ತುಂಬಾ ಲಕ್ಷಾಂತರ ಫೈಲು. ಬಹುಪಾಲು ವಿಂಡೋಸ್ ಜೊತೆ ಬಂದ ಐಕಾನು, ಫಾಂಟು, ಹೆಲ್ಪ್ ಪುಟಗಳು. ಆರೋಪಿ ಅವನ್ನ ತೆರೆದೂ ನೋಡಿರಲ್ಲ. ಹಾಗಂತ ಹೆಸರು ನೋಡಿ ಬಿಟ್ಟುಬಿಡೋ ಹಾಗಿಲ್ಲ. ಕಳ್ಳಲೆಕ್ಕದ ಫೈಲಿಗೆ ನೋಟ್‌ಪ್ಯಾಡ್ ಅಂತ ಹೆಸರಿಡೋಕೆ ಎಷ್ಟು ಹೊತ್ತು?

1990ರ ದಶಕದಲ್ಲಿ ತನಿಖೆಗಾರರು ಹಿಡಿದ ದಾರಿ ಹ್ಯಾಶ್. ರಾನ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5, ಎಷ್ಟೇ ದೊಡ್ಡ ಫೈಲನ್ನೂ ಅರೆದು 128 ಬಿಟ್‌ನ ಒಂದು ಸಂಖ್ಯೆ ಕೊಡುತ್ತದೆ. ಒಳಗೆ ಒಂದಕ್ಷರ ಬದಲಾದರೂ ಸಂಖ್ಯೆ ಪೂರ್ತಿ ಬೇರೆ. ಗೊತ್ತಿರುವ ಫೈಲುಗಳ ಹ್ಯಾಶ್ ಪಟ್ಟಿ ಇದ್ದರೆ, ಹೊಂದಿದ್ದನ್ನ ಪಕ್ಕಕ್ಕಿಟ್ಟು ಉಳಿದದ್ದನ್ನ ಮಾತ್ರ ನೋಡಿದರಾಯ್ತು. ಅಮೆರಿಕದ ಪೊಲೀಸ್ ವಲಯದಲ್ಲಿ ಹ್ಯಾಶ್‌ಕೀಪರ್ ಎಂಬ ಪಟ್ಟಿ ಬಳಕೆಗೆ ಬಂತು. ಆದರೆ ಕೋರ್ಟಿನಲ್ಲಿ ವಕೀಲರು ಕೇಳಬಹುದಲ್ವಾ: ಈ ಸಂಖ್ಯೆ ಎಲ್ಲಿಂದ ತಂದ್ರಿ?

ಅದಕ್ಕೆ ಉತ್ತರ ಕಟ್ಟಿದ್ದು ಎನ್‌ಐಎಸ್‌ಟಿ, ಅಂದರೆ ಅಮೆರಿಕ ಸರ್ಕಾರದ ಅಳತೆ ಮತ್ತು ಮಾನಕಗಳ ಸಂಸ್ಥೆ. 2000ರ ಆಸುಪಾಸಿನಲ್ಲಿ ಮೇರಿಲ್ಯಾಂಡಿನ ಗೇಥರ್ಸ್‌ಬರ್ಗ್‌ನಲ್ಲಿ 'ನ್ಯಾಷನಲ್ ಸಾಫ್ಟ್‌ವೇರ್ ರೆಫರೆನ್ಸ್ ಲೈಬ್ರರಿ' ರೂಪುಗೊಂಡಿತು. ಹೆಸರಿಗಷ್ಟೇ ಲೈಬ್ರರಿ ಅಲ್ಲ. ಮಾರುಕಟ್ಟೆಯಲ್ಲಿದ್ದ ಸಾಫ್ಟ್‌ವೇರ್ ಬಾಕ್ಸುಗಳನ್ನೇ ತರಿಸಿ, ಒಳಗಿನ ಒಂದೊಂದು ಫೈಲಿನ ಹ್ಯಾಶ್ ತೆಗೆದು, ಬಾಕ್ಸನ್ನು ಕಪಾಟಿನಲ್ಲಿಟ್ಟರು. ಪಟ್ಟಿಯನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು.

ಅಂದಹಾಗೆ ಇದು 'ಒಳ್ಳೇ ಫೈಲು'ಗಳ ಪಟ್ಟಿ ಅಲ್ಲ. ಹ್ಯಾಕಿಂಗ್ ಸಲಕರಣೆಗಳೂ ಇದರಲ್ಲಿವೆ. ಪಟ್ಟಿ ಹೇಳೋದಿಷ್ಟೇ: ಈ ಫೈಲು ನಮಗೆ ಗೊತ್ತು, ಇಂಥಾ ಸಾಫ್ಟ್‌ವೇರಿನದು.

2004ರ ಆಗಸ್ಟ್‌ನಲ್ಲಿ ಚೀನಾದ ಷಿಯಾವೊಯುನ್ ವಾಂಗ್ ಮತ್ತು ಸಂಗಡಿಗರು, ಒಂದೇ ಎಂಡಿ5 ಬರುವ ಬೇರೆ ಬೇರೆ ದತ್ತಾಂಶದ ಜೋಡಿಗಳನ್ನು ತೋರಿಸಿಬಿಟ್ಟರು. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧಕರ ಕೈಯಲ್ಲಿ ಶಾ-1 ಹ್ಯಾಶ್‌ಗೂ ಅದೇ ಗತಿಯಾಯಿತು. ಹಾಗಾದ್ರೆ ಪಟ್ಟಿ ಕಸದಬುಟ್ಟಿಗಾ? ಇಲ್ಲ. ಎರಡೂ ಫೈಲು ತಾನೇ ತಯಾರಿಸಿ ಹೊಂದಿಸೋದು ಬೇರೆ. ಮೈಕ್ರೋಸಾಫ್ಟ್ ಎಂದೋ ಹೊರಬಿಟ್ಟ ಫೈಲಿಗೆ ಹೊಂದುವ ಇನ್ನೊಂದನ್ನು ಹುಟ್ಟಿಸೋದು ಬೇರೆ. ಎರಡನೆಯದನ್ನು ಎಂಡಿ5ಗೂ ಯಾರೂ ಮಾಡಿ ತೋರಿಸಿಲ್ಲ.

ಆದರೂ ಈ ವ್ಯತ್ಯಾಸವನ್ನ ಪ್ರತಿ ಕೇಸಲ್ಲೂ ಜಡ್ಜ್‌ಗೆ ವಿವರಿಸ್ತಾ ಕೂರೋಕಾಗುತ್ತಾ? ಗಟ್ಟಿಯಾದ ಹ್ಯಾಶ್ ಬೇಕಾಯಿತು. ನನ್ನ ಪ್ರಕಾರ ಲೈಬ್ರರಿಯವರ ಜಾಣತನ ಕಾಣೋದು ಇಲ್ಲೇ. ಹಳೇ ಹ್ಯಾಶ್‌ನಿಂದ ಹೊಸದನ್ನು ಲೆಕ್ಕ ಹಾಕೋಕೆ ಬರಲ್ಲ, ಮೂಲ ಫೈಲೇ ಬೇಕು. ಬರೀ ಸಂಖ್ಯೆಗಳನ್ನ ಕೂಡಿಟ್ಟವರಾಗಿದ್ದರೆ ಕೈಚೆಲ್ಲಬೇಕಿತ್ತು. ಇವರ ಕಪಾಟಿನಲ್ಲಿ ಬಾಕ್ಸುಗಳಿದ್ದವು. ಈಗಿನ ಪಟ್ಟಿಯಲ್ಲಿ ಎಂಡಿ5, ಶಾ-1 ಪಕ್ಕದಲ್ಲೇ ಶಾ-256 ಕೂಡ ಇದೆ.