ರಾಷ್ಟ್ರೀಯ ಹಬ್ಬದ ದಿನ ಕುಟುಂಬ ಸಮೇತ ಐತಿಹಾಸಿಕ ಸ್ಥಳಗಳ ಭೇಟಿ: ಮಲ್ಲಂದೂರು ಹಾಗೂ ಸುತ್ತಲಿನ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಾಚರಣೆ, ಗಾಂಧಿ ಜಯಂತಿ ಹಾಗೂ ಕನ್ನಡ ರಾಜ್ಯೋತ್ಸವದ ದಿನಗಳಂದು ಶಾಲೆ, ಕಚೇರಿಗಳಿಗೆ ರಜೆ ಇರುವುದರಿಂದ ಮನೆಮಂದಿಯೆಲ್ಲ ಒಟ್ಟಿಗೆ ಹೊರಡಲು ಅವಕಾಶವಾಗುತ್ತದೆ. ಕಾಫಿ ತೋಟಗಳ ಕೆಲಸವನ್ನು ನೆಚ್ಚಿಕೊಂಡ ಕುಟುಂಬಗಳಿಗೆ ಇಂತಹ ದಿನಗಳು ವರ್ಷದಲ್ಲಿ ಕೆಲವೇ ಇರುತ್ತವೆ. ಬಸ್ಸಿನ ಖರ್ಚು ಮಾಡಿಕೊಂಡು ಹೋದ ಮೇಲೆ ಸಂಗ್ರಹಾಲಯದ ಬಾಗಿಲು ಮುಚ್ಚಿದ್ದನ್ನು ಕಂಡು ಮರಳುವಂತಾಗಬಾರದು ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಇಲ್ಲಿ ತಿಳಿಸಿರುವ ಹೆಚ್ಚಿನ ಚಟುವಟಿಕೆಗಳಿಗೆ ಯಾವುದೇ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. ಅನುಮತಿ ಬೇಕಾದ ಸಂದರ್ಭಗಳನ್ನು ಐದನೆಯ ಭಾಗದಲ್ಲಿ ಪ್ರತ್ಯೇಕವಾಗಿ ನೀಡಲಾಗಿದೆ.

1. ಹೊರಡುವ ಮುನ್ನ ಗಮನಿಸಬೇಕಾದ ಅಂಶಗಳು

ಅ) ವಾರದ ರಜೆ: ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. 2024ರ ಜನವರಿ 26, 2025ರ ಆಗಸ್ಟ್ 15 ಹಾಗೂ 2026ರ ಅಕ್ಟೋಬರ್ 2, ಈ ಮೂರೂ ಶುಕ್ರವಾರವೇ ಬಂದಿವೆ. ಆದುದರಿಂದ ದಿನಾಂಕದ ಜೊತೆಗೆ ವಾರವನ್ನೂ ನೋಡಿಕೊಳ್ಳತಕ್ಕದ್ದು. ಸಂಗ್ರಹಾಲಯ ಮುಚ್ಚಿದ್ದರೂ ದೇವಾಲಯದ ವೀಕ್ಷಣೆಗೆ ಅಡ್ಡಿಯಿಲ್ಲ. ಸಾರ್ವಜನಿಕ ರಜಾ ದಿನಗಳಂದು ಮುಚ್ಚಿರುವ ಇತರ ಸಂಗ್ರಹಾಲಯಗಳೂ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಆ) ಪ್ರವೇಶ ಶುಲ್ಕ: ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳಿಗೆ ಪ್ರವೇಶ ಶುಲ್ಕವಿಲ್ಲ. ಶುಲ್ಕವಿರುವ ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ 15 ವರ್ಷದವರೆಗಿನ ಮಕ್ಕಳಿಗೆ ವಿನಾಯಿತಿ ಇದೆ. ಸ್ವಾತಂತ್ರ್ಯದ ಅಮೃತ ಮಹೋತ್ಸವದ ಅಂಗವಾಗಿ 2022ರ ಆಗಸ್ಟ್ 5ರಿಂದ 15ರವರೆಗೆ ಈ ಸ್ಮಾರಕಗಳಿಗೆಲ್ಲ ಉಚಿತ ಪ್ರವೇಶ ನೀಡಲಾಗಿತ್ತು. ಪ್ರತಿ ವರ್ಷವೂ ಹಾಗೆಯೇ ಇರುತ್ತದೆಂದು ಭಾವಿಸಬಾರದು.

ಇ) ಹವಾಮಾನ: ಆಗಸ್ಟ್ ತಿಂಗಳಲ್ಲಿ ಮಲೆನಾಡಿನ ರಸ್ತೆಗಳಲ್ಲಿ ಮರ ಬೀಳುವುದು, ಧರೆ ಕುಸಿಯುವುದು ಸಾಮಾನ್ಯ. ಕತ್ತಲಾಗುವ ಮುನ್ನ ಮನೆ ಸೇರುವಂತೆ ವೇಳೆಯನ್ನು ಹೊಂದಿಸಿಕೊಳ್ಳತಕ್ಕದ್ದು. ದೇವಾಲಯಗಳಲ್ಲಿ ಪಾದರಕ್ಷೆ ಕಳಚಬೇಕಾಗುವುದರಿಂದ ಮಳೆಯಲ್ಲಿ ಕಲ್ಲು ಜಾರುತ್ತದೆ, ಬಿಸಿಲಿನಲ್ಲಿ ಕಾಲು ಸುಡುತ್ತದೆ. ವೃದ್ಧರು ಮತ್ತು ಮಕ್ಕಳ ಬಗ್ಗೆ ವಿಶೇಷ ಎಚ್ಚರ ವಹಿಸತಕ್ಕದ್ದು.

2. ಒಂದು ದಿನದಲ್ಲಿ ನೋಡಬಹುದಾದ ಸ್ಥಳಗಳು

ಶಾಲೆಯ ಧ್ವಜಾರೋಹಣ ಮುಗಿಸಿ ಹೊರಡುವವರಿಗೆ ಚಿಕ್ಕಮಗಳೂರಿನಿಂದ ಬೆಳವಾಡಿ, ಹಳೇಬೀಡು, ಬೇಲೂರು ಮಾರ್ಗವಾಗಿ ಚಿಕ್ಕಮಗಳೂರಿಗೆ ಹಿಂದಿರುಗುವ ಸುತ್ತು ಅನುಕೂಲಕರವಾಗಿದೆ. ಇದು ಸುಮಾರು 80 ಕಿ.ಮೀ. ಆಗುತ್ತದೆ. ಚಿಕ್ಕ ಮಕ್ಕಳಿರುವವರು ಮೂರನ್ನೂ ಅವಸರದಲ್ಲಿ ನೋಡುವ ಬದಲು ಒಂದೇ ಸ್ಥಳದಲ್ಲಿ ಎರಡು ಗಂಟೆ ಕಳೆಯುವುದು ಹೆಚ್ಚು ಪ್ರಯೋಜನಕರ.

ಬೆಳವಾಡಿ: ಎರಡನೆಯ ವೀರಬಲ್ಲಾಳನ ಕಾಲದ ವೀರನಾರಾಯಣ ದೇವಾಲಯ. ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ ಎಂಬ ಮೂರು ಗರ್ಭಗುಡಿಗಳಿರುವ ತ್ರಿಕೂಟಾಚಲ. ಜನಸಂದಣಿ ಕಡಿಮೆ.

ಹಳೇಬೀಡು: 1121ರ ಸುಮಾರಿಗೆ ಆರಂಭವಾದ ಹೊಯ್ಸಳೇಶ್ವರ ದೇವಾಲಯ, ಸಂಗ್ರಹಾಲಯ ಹಾಗೂ ಬಸ್ತಿಹಳ್ಳಿಯ ಜೈನ ಬಸದಿಗಳು. ಇಲ್ಲಿನ ಪಾರ್ಶ್ವನಾಥ ಬಸದಿ 1133ರದು.

ಬೇಲೂರು: ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ. ಮಧ್ಯಾಹ್ನ ಕೆಲಕಾಲ ಗರ್ಭಗುಡಿಯ ದರ್ಶನ ಇರುವುದಿಲ್ಲ. ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಮೂಡಿಗೆರೆ ಭಾಗದವರು ಹೊಯ್ಸಳರ ಮೂಲಸ್ಥಾನವೆನಿಸಿದ ಅಂಗಡಿ ಗ್ರಾಮವನ್ನು ನೋಡಬಹುದು. ಶಾಸನಗಳಲ್ಲಿ ಬರುವ ಸೊಸೆವೂರು ಇದೇ. ಇಲ್ಲಿಗೆ ನೀರು ಮತ್ತು ಬುತ್ತಿಯನ್ನು ಕೊಂಡೊಯ್ಯುವುದು ಸೂಕ್ತ. ಕಳಸ ಭಾಗದವರಿಗೆ ಭದ್ರಾ ತೀರದ ಕಳಸೇಶ್ವರ ದೇವಾಲಯ ಹತ್ತಿರವಾಗುತ್ತದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದ್ದು, ಅಲ್ಲಿನ ಶಾಸನದ ಪದ್ಯಗಳನ್ನು ಕವಿ ಜನ್ನ ರಚಿಸಿದ್ದಾನೆ.

3. ಮಕ್ಕಳೊಡನೆ ಮಾಡಬಹುದಾದ ಚಟುವಟಿಕೆಗಳು

ಅ) ಸಾಲು ಎಣಿಸುವುದು: ಹಳೇಬೀಡಿನ ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಕಥೆಗಳು, ಮಕರ, ಹಂಸ ಎಂಬ ಕ್ರಮವನ್ನು ಮಕ್ಕಳೇ ಗುರುತಿಸಿ ಬರೆದುಕೊಳ್ಳಲಿ. ಕಥೆಯ ಸಾಲಿನಲ್ಲಿ ತಮಗೆ ಗೊತ್ತಿರುವ ರಾಮಾಯಣ, ಮಹಾಭಾರತದ ಪ್ರಸಂಗವನ್ನು ಹುಡುಕಿಸಬಹುದು.

ಆ) ಶಿಲ್ಪಿಯ ಹೆಸರು ಹುಡುಕುವುದು: ಹೊಯ್ಸಳರ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆದಿರುವುದುಂಟು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಚಾವಣರ ಹೆಸರುಗಳೂ, ಅಮೃತಾಪುರದಲ್ಲಿ ಮಲ್ಲಿತಮ್ಮನ ಹೆಸರೂ ಇವೆ.

ಇ) ಅಕ್ಷರ ಓದುವುದು: ಸವೆದ ಶಾಸನದ ಮೇಲೆ ಮೊಬೈಲಿನ ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಟ್ಟರೆ ಅಕ್ಷರಗಳ ನೆರಳು ಮೂಡಿ ಸ್ಪಷ್ಟವಾಗಿ ಕಾಣುತ್ತವೆ. ಕಲ್ಲನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.

ಈ) ಹಿರಿಯರ ಮಾತು ಕೇಳುವುದು: 1947ರ ಆಗಸ್ಟ್ 15ರಂದು ಇಂದಿನ ಚಿಕ್ಕಮಗಳೂರು ಜಿಲ್ಲೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಮೈಸೂರು ಚಲೋ ಚಳವಳಿಯ ನಂತರ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಜನಪ್ರತಿನಿಧಿ ಸರ್ಕಾರ ಅಧಿಕಾರಕ್ಕೆ ಬಂತು. ಆ ಕಾಲದ ಬಗ್ಗೆ ಮನೆಯ ಹಿರಿಯರು ಕೇಳಿ ತಿಳಿದದ್ದನ್ನು ಪ್ರಯಾಣದಲ್ಲಿ ಹೇಳಿಸಿ, ಮಕ್ಕಳಿಂದ ಬರೆಸಿಡಬಹುದು.

ದೂರ ಹೋಗಲು ಅನುಕೂಲವಿಲ್ಲದ ಕುಟುಂಬಗಳು ತಮ್ಮ ಊರಿನ ವೀರಗಲ್ಲು, ಮಾಸ್ತಿಗಲ್ಲುಗಳಿಂದಲೇ ಆರಂಭಿಸಬಹುದು. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಈ ಜಿಲ್ಲೆಯ ಶಾಸನಗಳು ಊರಿನ ಹೆಸರಿನೊಡನೆ ಪ್ರಕಟವಾಗಿವೆ.

4. ಮಾಡಬಾರದ ಕಾರ್ಯಗಳು

ಈ ದೇವಾಲಯಗಳನ್ನು ಬಳಪದ ಕಲ್ಲಿನಿಂದ ಕಟ್ಟಲಾಗಿದೆ. ಸ್ಲೇಟಿನ ಮೇಲೆ ಬರೆಯುವ ಬಳಪವೂ ಇದೇ ಜಾತಿಯ ಮೃದುವಾದ ಕಲ್ಲು. ಆ ಮೃದುತ್ವದಿಂದಲೇ ಶಿಲ್ಪಿಗೆ ಆಭರಣದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾಯಿತು. ಅದೇ ಕಾರಣದಿಂದ ಒಂದು ನಾಣ್ಯ ಅಥವಾ ಬೀಗದ ಕೈಯಿಂದಲೂ ಇದರ ಮೇಲೆ ಗೀರು ಬೀಳುತ್ತದೆ. ಬಿದ್ದ ಗೀರನ್ನು ಮತ್ತೆ ಸರಿಪಡಿಸಲಾಗದು. ರಜಾ ದಿನದ ಜನಸಂದಣಿಯಲ್ಲಿ ಪ್ರತಿಯೊಬ್ಬರೂ ಒಮ್ಮೆ ಕೈಯಾಡಿಸಿದರೆ ಆಗುವ ಸವೆತವನ್ನು ಮಕ್ಕಳಿಗೆ ಹೀಗೆ ವಿವರಿಸಿದಲ್ಲಿ ಅವರು ತಾವಾಗಿಯೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಅ) ಶಿಲ್ಪಗಳನ್ನು ಮುಟ್ಟುವುದು, ಮೇಲೆ ಹತ್ತುವುದು, ಒರಗಿ ನಿಲ್ಲುವುದು ಕೂಡದು.
ಆ) ಶಾಸನಗಳಿಗೆ ಸೀಮೆಸುಣ್ಣ, ಅರಿಸಿನ, ಎಣ್ಣೆ ಹಚ್ಚಬಾರದು.
ಇ) ಸ್ಮಾರಕಕ್ಕೆ ಧ್ವಜದ ಚಿತ್ರ ಅಂಟಿಸುವುದು, ಬಣ್ಣ ಬಳಿಯುವುದು ಕೂಡದು. 2002ರ ಭಾರತದ ಧ್ವಜ ಸಂಹಿತೆಯ ಪ್ರಕಾರ ಸಾರ್ವಜನಿಕರು ಹಿಡಿದ ಕಾಗದದ ಧ್ವಜಗಳನ್ನು ಕಾರ್ಯಕ್ರಮದ ನಂತರ ನೆಲಕ್ಕೆ ಎಸೆಯುವಂತಿಲ್ಲ. ಅವುಗಳನ್ನು ಮನೆಗೆ ತಂದು ಗೌರವದಿಂದ ವಿಲೇವಾರಿ ಮಾಡತಕ್ಕದ್ದು.

1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ಹಾಗೂ ಅದರ 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

5. ಪೂರ್ವಾನುಮತಿ ಅಗತ್ಯವಿರುವ ಸಂದರ್ಭಗಳು

ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಸಭೆ, ಸನ್ಮಾನ, ಔತಣಕೂಟ ಅಥವಾ ಮನರಂಜನಾ ಕಾರ್ಯಕ್ರಮ ನಡೆಸಲು ಅನುಮತಿ ಬೇಕು. ಸಂಘ ಸಂಸ್ಥೆಗಳು ಮಕ್ಕಳ ಚಿತ್ರಕಲಾ ಸ್ಪರ್ಧೆ, ದೇಶಭಕ್ತಿ ಗೀತೆ ಗಾಯನ ಮುಂತಾದವುಗಳನ್ನು ಏರ್ಪಡಿಸುವುದಾದರೆ ದಿನಾಂಕ, ವೇಳೆ, ಭಾಗವಹಿಸುವವರ ಸಂಖ್ಯೆ ಮತ್ತು ಉದ್ದೇಶವನ್ನು ತಿಳಿಸಿ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಕೇಂದ್ರ ಸಂರಕ್ಷಿತ ಸ್ಮಾರಕವಾದಲ್ಲಿ ಸಂಬಂಧಿತ ವೃತ್ತದ ಅಧೀಕ್ಷಕ ಪುರಾತತ್ವಜ್ಞರಿಗೂ, ರಾಜ್ಯ ಸಂರಕ್ಷಿತ ಸ್ಮಾರಕವಾದಲ್ಲಿ ರಾಜ್ಯ ಪುರಾತತ್ವ ಇಲಾಖೆಗೂ ಅರ್ಜಿ ಸಲ್ಲಿಸಬೇಕು. ಯಾವ ವರ್ಗಕ್ಕೆ ಸೇರಿದ್ದೆಂಬುದು ಸ್ಥಳದಲ್ಲಿರುವ ನೀಲಿ ಫಲಕದಿಂದ ತಿಳಿಯುತ್ತದೆ. ಡ್ರೋನ್ ಬಳಕೆ ಹಾಗೂ ವಾಣಿಜ್ಯ ಚಿತ್ರೀಕರಣಕ್ಕೂ ಅನುಮತಿ ಕಡ್ಡಾಯ.

6. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ತೋಟದಲ್ಲಿ ಗುಂಡಿ ತೆಗೆಯುವಾಗ ಬರಹವಿರುವ ಕಲ್ಲು ಸಿಕ್ಕಿದರೆ ಏನು ಮಾಡಬೇಕು?
ಉತ್ತರ: ಕಲ್ಲನ್ನು ಕದಲಿಸದೆ, ತೊಳೆದು ಉಜ್ಜದೆ, ಫೋಟೋ ತೆಗೆದುಕೊಂಡು ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸಬೇಕು. ನೆಲದಲ್ಲಿ ಹುದುಗಿದ್ದ ನಾಣ್ಯ, ಆಭರಣ ಮುಂತಾದ ಬೆಲೆಬಾಳುವ ವಸ್ತು ದೊರೆತಲ್ಲಿ 1962ರ ಕರ್ನಾಟಕ ನಿಧಿ ಅಧಿನಿಯಮದಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ.

ಪ್ರಶ್ನೆ: ಶಾಸನದ ಅಚ್ಚು ತೆಗೆಯಬಹುದೇ?
ಉತ್ತರ: ಅನುಮತಿಯಿಲ್ಲದೆ ತೆಗೆಯುವಂತಿಲ್ಲ. ಮೂರನೆಯ ಭಾಗದ (ಇ)ರಲ್ಲಿ ತಿಳಿಸಿದಂತೆ ಓರೆ ಬೆಳಕಿನಲ್ಲಿ ಫೋಟೋ ತೆಗೆದುಕೊಳ್ಳಬಹುದು.

ಪ್ರಶ್ನೆ: ಸ್ಮಾರಕಕ್ಕೆ ಯಾರಾದರೂ ಹಾನಿ ಮಾಡುತ್ತಿದ್ದರೆ ಏನು ಮಾಡಬೇಕು?
ಉತ್ತರ: ಸ್ಥಳದಲ್ಲಿರುವ ಕಾವಲು ಸಿಬ್ಬಂದಿಗೆ ಕೂಡಲೇ ತಿಳಿಸಬೇಕು. ಸಿಬ್ಬಂದಿ ಇಲ್ಲದಿದ್ದಲ್ಲಿ 112ಕ್ಕೆ ಕರೆ ಮಾಡಬಹುದು.

ಸುಮಾರು ಒಂಬೈನೂರು ವರ್ಷಗಳ ಮಳೆ ಬಿಸಿಲನ್ನು ತಾಳಿಕೊಂಡು ಬಂದ ಈ ಸ್ಮಾರಕಗಳನ್ನು ಮುಂದಿನವರಿಗೆ ಉಳಿಸುವುದು ನೋಡಲು ಬರುವವರ ಕೈಯಲ್ಲಿಯೇ ಇದೆ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಂಡು ಸಹಕರಿಸಬೇಕಾಗಿ ಕೋರಲಾಗಿದೆ.