ಹಾಜರಿ ಪುಸ್ತಕದ ಹೊರಗಿನವರು

ತುಂಗಭದ್ರೆಯ ದಡದ ಹರಿಹರವು ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದಲೂ, ಅದರ ನೆರೆಯ ದಾವಣಗೆರೆಯು ಹತ್ತಿಯ ವ್ಯಾಪಾರದಿಂದಲೂ ಮೊದಲು ಪ್ರಸಿದ್ಧಿಯನ್ನು ಪಡೆದುವು. ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ಊರುಗಳಿಗೂ ಯಂತ್ರೋದ್ಯಮದ ಕೀರ್ತಿಯು ಸೇರಿತು. ದಾವಣಗೆರೆಯಲ್ಲಿ 1930ರ ದಶಕದಿಂದ ಬಟ್ಟೆಯ ಗಿರಣಿಗಳು ಒಂದಾದ ಮೇಲೊಂದು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳನ್ನು ತಯಾರಿಸಿತು. ಶತಮಾನವು ಮುಗಿಯುವ ಹೊತ್ತಿಗೆ ಗಿರಣಿಗಳಲ್ಲಿ ಬಹುಪಾಲು ನಿಂತುಹೋದುವು. ಬಳಿಕ ಕಿರ್ಲೋಸ್ಕರ್ ಕಾರ್ಖಾನೆಯ ಬಾಗಿಲೂ ಮುಚ್ಚಿತು. ಹಳೆಯ ಯಂತ್ರ, ಸಾಲದ ಹೊರೆ, ವಿದ್ಯುತ್ ಮಗ್ಗಗಳ ಪೈಪೋಟಿಗಳು ದೇಶದ ಗಿರಣಿಗಳನ್ನೆಲ್ಲ ಬಾಧಿಸಿದುವು. 1991ರಿಂದ ಆಮದಿನ ಕಟ್ಟುಗಳು ಸಡಿಲವಾಗಿ, 2001ರ ಏಪ್ರಿಲ್ 1ರಂದು ಉಳಿದಿದ್ದ ಪರಿಮಾಣದ ನಿರ್ಬಂಧಗಳೂ ತೊಲಗಿದುವು.

ಬಾಗಿಲು ಮುಚ್ಚಿದಾಗ ಪರಿಹಾರಕ್ಕೆ ಅರ್ಹರಾರು ಎಂಬ ಪ್ರಶ್ನೆಯು ಏಳುವುದು ಸಹಜ. ಮಗ್ಗದ ಮುಂದೆ ನಿಂತವನು ಮಾತ್ರವೇ ಗಿರಣಿಯ ಕೆಲಸಗಾರನಲ್ಲ. ಹತ್ತಿಯ ಅಂಡಿಗೆಗಳನ್ನು ಇಳಿಸುವ ಹಮಾಲರು, ಕಸ ಗುಡಿಸುವವರು, ಕಾವಲುಗಾರರು, ಉಪಾಹಾರ ಗೃಹದವರು, ಇವರೆಲ್ಲರ ಬೆವರೂ ಉದ್ಯಮದಲ್ಲಿ ಸೇರಿರುವುದು. ಇಂಥ ಕೆಲಸಗಳೇ ಹೆಚ್ಚಾಗಿ ಗುತ್ತಿಗೆಗೆ ಒಳಪಡತಕ್ಕವು.

ಮಧ್ಯವರ್ತಿಯ ಮೂಲಕ ಕೂಲಿಗೆ ಬರುವುದು ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಸಂಘದ ಮೂಲಕ ಕೆಲಸಕ್ಕೆ ನಿಂತವರ ವೇತನವನ್ನು ಮಾತಾಡಿದಂತೆ, ಇಲ್ಲವೆ ಸಮನಾಗಿ ಹಂಚಿಕೊಳ್ಳಬೇಕೆಂದು ವಿಧಿಸಿದೆ. ಗುಂಪಿನಲ್ಲಿ ಬಂದವನೆಂಬ ಮಾತ್ರಕ್ಕೆ ಅವನ ಪಾಲು ಅಲ್ಲಿ ಅಳಿಯುವುದಿಲ್ಲ.

ಸ್ವತಂತ್ರ ಭಾರತದಲ್ಲಿ 1947ರ ಕೈಗಾರಿಕಾ ವಿವಾದಗಳ ಶಾಸನಕ್ಕೆ 1953ರಲ್ಲಿ ಆದ ತಿದ್ದುಪಡಿಯು, ಕೆಲಸದಿಂದ ಕಡಿತವಾದವನಿಗೆ ಪ್ರತಿಯೊಂದು ಪೂರ್ಣ ವರ್ಷದ ಸೇವೆಗೂ 15 ದಿನಗಳ ಸರಾಸರಿ ವೇತನವನ್ನು ಗೊತ್ತುಮಾಡಿತು. ಆದರೆ ತಾತ್ಕಾಲಿಕವಾಗಿ ಕೆಲಸ ನಿಂತಾಗಿನ ಪರಿಹಾರದಿಂದ, ಗಿರಣಿಗಳಲ್ಲಿ ಬದಲಿ ಎನಿಸಿಕೊಂಡವರನ್ನೂ ಆಗಾಗ ಬರುವ ಕೂಲಿಯವರನ್ನೂ ಹೊರಗಿರಿಸಿತು. ಇನ್ನೊಬ್ಬನ ಗೈರುಹಾಜರಿಯಲ್ಲಿ ನಿಂತ ಬದಲಿಯು ಒಂದು ವರ್ಷದ ನಿರಂತರ ಸೇವೆಯನ್ನು ತೋರಿಸಿದರೆ ಮಾತ್ರ ಆ ಹೆಸರಿನಿಂದ ಬಿಡುಗಡೆ ಹೊಂದುತ್ತಿದ್ದನು. ಇಷ್ಟಾದರೂ ಅವನ ಹೆಸರು ಗಿರಣಿಯ ಪುಸ್ತಕದಲ್ಲಿದ್ದಿತು. ಗುತ್ತಿಗೆಯವನ ಹೆಸರಾದರೋ ಗುತ್ತಿಗೆದಾರನ ಪುಸ್ತಕದಲ್ಲಿ!

1970ರ ಗುತ್ತಿಗೆ ಕಾರ್ಮಿಕರ ಶಾಸನವು ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು ವಿಧಿಸಿತು. ಆದರೆ ಇದು ದುಡಿದ ಕೂಲಿಯ ಮಾತು; ಕೆಲಸ ಹೋದುದರ ಪರಿಹಾರಕ್ಕೆ ಗುತ್ತಿಗೆದಾರನನ್ನೇ ಹುಡುಕಬೇಕಾಗಿತ್ತು. 1986ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಜವಳಿ ಕಾರ್ಮಿಕರ ಪುನರ್ವಸತಿ ನಿಧಿಯು ಮುಚ್ಚಿದ ಖಾಸಗಿ ಗಿರಣಿಗಳವರಿಗೆ ಮೊದಲ ವರ್ಷ ವೇತನದ ನೂರಕ್ಕೆ 75, ಎರಡನೆಯ ವರ್ಷ 50, ಮೂರನೆಯ ವರ್ಷ 25ರಂತೆ ಸಹಾಯವನ್ನು ಕೊಟ್ಟಿತು. ಆ ಗಿರಣಿಯಲ್ಲಿಯೇ ಐದು ವರ್ಷ ನಿರಂತರವಾಗಿ ದುಡಿದಿರಬೇಕೆಂಬುದು ಅದರ ನಿಯಮ. ಗುತ್ತಿಗೆದಾರರು ಬದಲಾಗುತ್ತಿದ್ದವನು ಈ ಐದು ವರ್ಷಗಳನ್ನು ಯಾವ ಪುಸ್ತಕದಿಂದ ತೋರಿಸಬಲ್ಲನು?

ನ್ಯಾಯಾಲಯಗಳು ಈ ಕಷ್ಟವನ್ನು ಕಾಣದೆ ಹೋಗಲಿಲ್ಲ. 1978ರಲ್ಲಿ ಕಲ್ಲಿಕೋಟೆಯ ಹಗ್ಗದ ಕಾರ್ಖಾನೆಯೊಂದರ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಕೆಲಸಗಾರನ ಜೀವನೋಪಾಯವು ಯಾರ ಕೈಯಲ್ಲಿರುವುದೋ ಅವನೇ ನಿಜವಾದ ಮಾಲೀಕನೆಂದು ಕಾಗದದ ತೆರೆಯನ್ನು ಸರಿಸಿ ನೋಡಿದರು. 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಗುತ್ತಿಗೆ ನಿಷಿದ್ಧವಾದರೂ ಕೆಲಸಗಾರರು ತಾವಾಗಿ ಮೂಲ ಮಾಲೀಕನ ನೌಕರರಾಗುವುದಿಲ್ಲವೆಂದಿತು. ಗುತ್ತಿಗೆಯು ಬರಿಯ ಸೋಗೆಂದು ತೋರಿಸಿದರೆ ಮಾತ್ರ ದಾರಿಯುಂಟು. ಆ ಭಾರವು ಬಡವನ ಹೆಗಲಿಗೇ ಬಂದಿತು.

ಅಮೆರಿಕವು 1962ರಲ್ಲಿ ವಿದೇಶೀ ವ್ಯಾಪಾರದಿಂದ ಕೆಲಸ ಕಳೆದುಕೊಂಡವರಿಗೆಂದೇ ಸಹಾಯದ ಶಾಸನವನ್ನು ಮಾಡಿತು. ಅಲ್ಲಿ ಬೇರೊಂದು ಸಂಸ್ಥೆಯಿಂದ ಬಂದ ಕೆಲಸಗಾರರೂ ಕಾರ್ಖಾನೆಯ ಹತೋಟಿಯಲ್ಲಿಯೇ ದುಡಿದಿದ್ದರೆ ಅರ್ಹರೆಂದು ಎಣಿಸಲ್ಪಟ್ಟರು. 2022ರಲ್ಲಿ ಆ ಯೋಜನೆಯು ಹೊಸಬರಿಗೆ ನಿಂತಿತು. ಭಾರತದಲ್ಲಿ ವ್ಯಾಪಾರದ ಕಾರಣವನ್ನು ವಿಚಾರಿಸುವ ಅಂಥ ಶಾಸನವಿಲ್ಲ. ಆದರೆ 1948ರ ಇ.ಎಸ್.ಐ. ಶಾಸನವು ಮಾತ್ರ ಮಧ್ಯವರ್ತಿಯ ಕೆಲಸಗಾರನನ್ನೂ ತನ್ನೊಳಗೆ ತೆಗೆದುಕೊಂಡು, ವಂತಿಗೆಯನ್ನು ಮೊದಲು ಮೂಲ ಮಾಲೀಕನಿಂದಲೇ ವಸೂಲು ಮಾಡುತ್ತಿದ್ದಿತು. ಅದರ ಆಶ್ರಯದಲ್ಲಿ 2005ರ ಏಪ್ರಿಲ್ 1ರಿಂದ ನಿರುದ್ಯೋಗ ಭತ್ಯೆಯೂ ಆರಂಭವಾಯಿತು. ಆದರೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಗುತ್ತಿಗೆದಾರನನ್ನು ಮಾಲೀಕನೆಂದೇ ಪರಿಗಣಿಸಿರುವುದರಿಂದ ಹಳೆಯ ತೊಡಕು ಪೂರ್ತಿ ಬಿಡಿಸಲ್ಪಟ್ಟಿಲ್ಲ.

ಹರಿಹರೇಶ್ವರನ ಮೂರ್ತಿಯಲ್ಲಿ ಎರಡು ದೇವತೆಗಳು ಒಂದೇ ಶರೀರವಾಗಿ ನಿಂತಿರುವರು. ಒಂದೇ ಅಂಗಳದಲ್ಲಿ ದುಡಿದ ಇಬ್ಬರನ್ನು ಶಾಸನವು ಎರಡು ಪುಸ್ತಕಗಳ ಮೂಲಕ ಬೇರ್ಪಡಿಸಿದುದು ಈ ಚರಿತ್ರೆಯ ಸಾರ. ದುಡಿದ ಸ್ಥಳವನ್ನು ನೋಡಿದ ವಿಧಿಯು ಹೊರಗಿನವನನ್ನು ಕಂಡಿತು. ಪುಸ್ತಕವನ್ನು ನೋಡಿದ ವಿಧಿಯು ಕಾಣದೆ ಹೋಯಿತು.